ಮೀನಿಗಾಗಿ ಕಾಯಿಸಿದ ನೀರು

ತಿಪ್ಪೇಸ್ವಾಮಿಯವರು ಯಾವುದನ್ನೂ ತಾವೇ ಮುಟ್ಟಿ ನೋಡಿದವರಲ್ಲ. ಕಾಫಿ ಸುಡುತ್ತದೆಯೇ, ಸ್ನಾನದ ನೀರು ಹದವಾಗಿದೆಯೇ, ಬಾಗಿಲಿಗೆ ಬಳಿದ ಬಣ್ಣ ಒಣಗಿದೆಯೇ, ಎಲ್ಲಕ್ಕೂ ಹೆಂಡತಿಯ ಕೈ ಇತ್ತು. “ಲೇ ಸರೋಜಾ, ಕೈ ಇಕ್ಕಿ ನೋಡೇ” ಎಂಬುದೇ ಆ ಮನೆಯ ಸುಪ್ರಭಾತ. ಯಾರಾದರೂ ಎಚ್ಚರಿಸಿದರೆ ತೆಲುಗಿನಲ್ಲಿ “ಏಂ ಕಾದು” ಎನ್ನುವರು. ಏನೂ ಆಗುವುದಿಲ್ಲವಂತೆ. ಅವರಿಗೆ ಆಗುತ್ತಿರಲಿಲ್ಲ, ನಿಜ.

ಎಂಬತ್ತರ ದಶಕದಲ್ಲಿ ಹಿಂದೂಪುರದ ಅವರ ಮನೆಯ ಹೊರಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಪಂಪ್‌ಸೆಟ್ಟಿನ ಅಂಗಡಿ ಅವರದು. ಮೋಟಾರು ಮಾರುವುದರಿಂದ ಕರೆಂಟೂ ತಮ್ಮ ಮಾತು ಕೇಳುತ್ತದೆಂದು ನಂಬಿದ್ದರು. ನಡುಮನೆಯಲ್ಲಿ ಗಾಜಿನ ತೊಟ್ಟಿ ಇಡಿಸಿದ್ದು ಮೀನಿನ ಮೇಲಿನ ಪ್ರೀತಿಯಿಂದಲ್ಲ. ಮಗಳನ್ನು ಕೊಟ್ಟ ಕಲ್ಯಾಣದುರ್ಗದ ಬೀಗರ ಮನೆಗೆ ಬಣ್ಣದ ಟಿವಿ ಬಂದಿತ್ತು, ಅದಕ್ಕೆ.

ಬೀಗರು ಬರುವ ದಿನವೇ ಬೆಂಗಳೂರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಮೀನು ತಂದರು. ದಾರಿಯುದ್ದಕ್ಕೂ ಬಸ್ಸಿನ ಇಂಜಿನ್ ಮೇಲಿಟ್ಟುಕೊಂಡು ಬಂದ ಚೀಲ, ನೀರು ಬೆಚ್ಚಗಿತ್ತು. ಚಳಿಗಾಲದ ತೊಟ್ಟಿಯೋ ತಣ್ಣಗೆ ಕೊರೆಯುತ್ತಿತ್ತು. ನಾನು ಪ್ರಾಣಿಶಾಸ್ತ್ರ ಓದಿದವನು. “ಚೀಲ ಕಟ್ಟಿದ ಹಾಗೇ ತೊಟ್ಟಿಯಲ್ಲಿ ತೇಲಬಿಡಿ. ಎರಡು ನೀರೂ ಒಂದು ಹದಕ್ಕೆ ಬರಲಿ. ಆಮೇಲೆ ತೊಟ್ಟಿ ನೀರನ್ನ ಸ್ವಲ್ಪ ಸ್ವಲ್ಪ ಚೀಲಕ್ಕೆ ಸೇರಿಸಿ, ಮೀನು ಒಗ್ಗಿಕೊಂಡ ಮೇಲೆ ಬಿಡಿ” ಎಂದೆ.

“ಅಷ್ಟೊತ್ತಿಗೆ ಬೀಗ್ರು ಉಂಡು ಹೊಂಟೋಯ್ತಾರೆ ಕಣಪ್ಪ. ಹೊಸ ಸೊಸೇನ ಯಾರಾನ ಹೊಸ್ಲಲ್ಲೇ ನಿಲ್ಲಿಸ್ತಾರಾ? ನೀರ್ನೇ ಬಿಸಿ ಮಾಡಿದ್ರಾಯ್ತು.”

ಬಚ್ಚಲಿನಿಂದ ನೀರು ಕಾಯಿಸುವ ಕಾಯಿಲು ಬಂತು. ಅದನ್ನು ತೊಟ್ಟಿಗಿಳಿಸಿ ಸ್ವಿಚ್ಚು ಹಾಕಿದರು.

“ಕರೆಂಟು ಹೊಡೆಯುತ್ತೆ ಸಾರ್!”

“ಮೋಟ್ರು ಮಾರೋನಿಗೆ ಕರೆಂಟ್ ಪಾಠ ಹೇಳ್ತೀಯಾ? ಏಂ ಕಾದು.”

ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಸ್ವಿಚ್ಚು ಹಾಕಿದಂತೆಯೇ ಇತ್ತು. ತಿಪ್ಪೇಸ್ವಾಮಿಯವರು ಅದರ ಪಕ್ಕದಲ್ಲೇ ಚೀಲ ಹಿಡಿದು ನಿಂತು ಎಂದಿನಂತೆ ಅಪ್ಪಣೆ ಕೊಟ್ಟರು: “ಲೇ ಸರೋಜಾ, ಕೈ ಇಕ್ಕಿ ನೋಡೇ.”

ನೆಲ ಒರೆಸುತ್ತಿದ್ದ ಸರೋಜಮ್ಮ ಒದ್ದೆ ಕಾಲಲ್ಲೇ ಬಂದು ಕೈ ಅದ್ದಿದರು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನೆಲ ಒಣಗಲೆಂದು ಹಾಕಿಟ್ಟಿದ್ದ ತಲೆಯ ಮೇಲಿನ ಫ್ಯಾನು. ಅದು ಮೆಲ್ಲಗೆ ತಿರುಗತೊಡಗಿತ್ತು. ಆಮೇಲೆ ಸರೋಜಮ್ಮನ ಮುಖ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಸ್ವಿಚ್ಚು ಇದ್ದದ್ದು ಗಂಡನ ಮೊಣಕೈ ಹತ್ತಿರ. ಆ ಮನುಷ್ಯ ಕದಲಲಿಲ್ಲ. ನಾನು ಕೋಣೆಯ ಆ ತುದಿಯಿಂದ ಓಡಿಬಂದು ತಿಪ್ಪೇಸ್ವಾಮಿಯವರನ್ನು ತಳ್ಳಿ ಸ್ವಿಚ್ಚು ಆರಿಸಿದೆ. ಸರೋಜಮ್ಮ ಕುಸಿದರು. ಉಸಿರಿತ್ತು.

“ನಿಮ್ಮ ಪಕ್ಕದಲ್ಲೇ ಇತ್ತಲ್ಲ!” ಎಂದು ಕಿರುಚಿದೆ.

“ಕೈಯಾಗೆ ಚೀಲ ಇತ್ತಲ್ಲಪ್ಪ” ಎಂದರು. “ಬಿಟ್ಟಿದ್ರೆ ಮೀನು ಸತ್ತೋಗ್ತಿದ್ವು.”

ಬೀಗರೆದುರು ಅದೇ ಮೀನುಗಳನ್ನು ತೋರಿಸಿದರು. ಅಂಗೈಗೆ ಅರಿಸಿನ ಕಟ್ಟಿಕೊಂಡಿದ್ದ ಸರೋಜಮ್ಮನೇ ಕಾಫಿ ತಂದಿಟ್ಟರು. ಇಂದಿಗೂ ಕರೆಂಟು ಬಂದು ಫ್ಯಾನು ತಿರುಗಿದರೆ ನನ್ನ ಕಣ್ಣು ಸ್ವಿಚ್ಚು ಹುಡುಕುತ್ತದೆ.

ಕೊನೆಯ ಬಾರಿ ತಿಪ್ಪೇಸ್ವಾಮಿಯವರನ್ನು ಕಂಡದ್ದು ಕಲ್ಯಾಣದುರ್ಗದಲ್ಲಿ. ಅಂಗಡಿ ಮುಚ್ಚಿ ಮಗಳ ಊರು ಸೇರಿದ್ದರು. ನಡುಮನೆಯಲ್ಲಿ ಅದೇ ತೊಟ್ಟಿ, ಒಳಗೆ ಬಾಯಿಮಟ್ಟ ಹುಣಸೆಹಣ್ಣು. “ಮೀನು ತಂದಾಗ ತೆಗೆಸ್ಬುಡ್ತೀನಿ ಕಣಪ್ಪ” ಎಂದು ಬೀಗಿದರು. ಸರೋಜಮ್ಮ ಕಾಫಿಯ ಲೋಟವನ್ನು ಅವರ ಮುಂದಿಟ್ಟು ಒಳಗೆ ನಡೆದರು.

“ಲೇ, ಸುಡ್ತೈತೇನೇ?” ಎಂದು ಕೂಗಿದರು ತಿಪ್ಪೇಸ್ವಾಮಿಯವರು.

ಒಳಗಿನಿಂದ ನಿಧಾನವಾಗಿ ಉತ್ತರ ಬಂತು: “ಏಂ ಕಾದು. ಕೈ ಇಕ್ಕಿ ನೋಡ್ಕಳ್ರಿ.”