ಮೂರು ಪ್ರತಿಗಳ ಮಹರಾಯ

ನಮ್ಮ ಮೇಲಿನ ಮನೆಯ ಮಹರಾಯನಿಗೆ ಕಂಪ್ಯೂಟರಿಗೆ ಸಂಬಂಧಿಸಿದಂತೆ ಅಭಿಪ್ರಾಯವಿಲ್ಲದ ವಿಷಯವೇ ಇಲ್ಲ. ಮೆಟ್ಟಿಲಲ್ಲಿ ಸಿಕ್ಕವರ ಆರೋಗ್ಯ ಕೇಳುವ ಬದಲು, "ಅಪ್‌ಡೇಟ್ ಮಾಡಿದ್ರಾ?" ಎನ್ನುತ್ತಾನೆ. ಹೌದೆಂದರೆ, "ಅಷ್ಟು ಆತುರ ಏನಿತ್ತು?" ಎಂದು ಗದರುತ್ತಾನೆ. ಇಂಟರ್‌ನೆಟ್ಟಿನಲ್ಲಿ ಹಾಡು ಕೇಳುವವರನ್ನು ಕಂಡರೆ, "ಅದು ಇನ್ನೊಬ್ಬರ ಬಾವಿ. ಅವ್ರು ಮುಚ್ಚಿದ ದಿನ ನಿಮ್ಮ ಕೈಲಿ ಬರೀ ಹಗ್ಗ," ಎನ್ನುತ್ತಾನೆ. ಯಾವುದಕ್ಕೇ ಆಗಲಿ ಮೂರು ಪ್ರತಿ ಇರಬೇಕು, ಅದರಲ್ಲೊಂದು ಬೇರೆ ಮನೆಯಲ್ಲಿರಬೇಕು ಎಂಬುದು ಅವನ ಶಾಸನ. "ನಮ್ಮ ಮದುವೆ ಪತ್ರಕ್ಕೂ ಮೂರಿದೆ, ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದು ಅವನ ಹೆಂಡತಿ ನಗುತ್ತಾಳೆ. ತೀರಿಹೋದ ನನ್ನಾಕೆಯ ಹಾಡುಗಳಿದ್ದ ಒಂದೇ ಸಿ.ಡಿ. ಗೀರುಬಿದ್ದು ಮೂಕವಾದಾಗ ನಾನು ಅವನ ಬಾಗಿಲು ತಟ್ಟಿದೆ. ಅವನು ಹಳೆಯ ಯಂತ್ರವೊಂದರ ಮುಂದೆ ನಾಲ್ಕು ದಿನ ಪಟ್ಟುಹಿಡಿದು ಕೂತು, ಆ ದನಿಯನ್ನು ಹೊರತೆಗೆದು, ಮೂರು ಪ್ರತಿ ಮಾಡಿ ತಂದ. "ಕೇಳೋನು ನಾನೊಬ್ಬ, ಮೂರು ಯಾಕಪ್ಪಾ?" ಎಂದೆ. ಅವನು ತಲೆ ತಗ್ಗಿಸಿದ. "ನಮ್ಮಮ್ಮ ಮಾತಾಡಿದ್ದ ರೆಕಾರ್ಡಿಂಗು ಒಂದೇ ಪ್ರತಿ ಇತ್ತು ಮೇಷ್ಟ್ರೇ. ಹೊಸ ಆಪರೇಟಿಂಗ್ ಸಿಸ್ಟಂ ಹಾಕೋ ಹುರುಪಲ್ಲಿ ನಾನೇ ಅಳಿಸ್ಬಿಟ್ಟೆ." ಅವನ ಶಾಸನದಂತೆ ಮೂರನೆಯ ಪ್ರತಿ ಬೇರೆ ಮನೆಯಲ್ಲಿರಬೇಕಿತ್ತಲ್ಲ, ಅದನ್ನು ಅವನ ಕೈಗೇ ಹಿಂದಿರುಗಿಸಿದೆ. ಈಗ ಕೆಲವು ಸಂಜೆ ನನ್ನಾಕೆ ಮೇಲಿನ ಮನೆಯಲ್ಲಿ ಹಾಡುತ್ತಾಳೆ. ನಾನು ಕೆಳಗೆ ಕೂತು ಕೇಳುತ್ತೇನೆ.