ಹಟ್ಟಿಯ ತುಪ್ಪ, ಬೊಮ್ಮಣ್ಣನ ಮೊಣಕಾಲು

ನನ್ನ ತಮ್ಮ ಬೊಮ್ಮಣ್ಣನ ಕಾಲು ಕೆಡಿಸಿದ್ದು ಎತ್ತು ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ. ಎತ್ತು ಬರೇ ಕೆಡವಿತು. ಕಾಲು ಕೆಡಿಸಿದ್ದು ನಮ್ಮ ಹಟ್ಟಿಯ ತುಪ್ಪ. ಪಾತಮ್ಮನ ಬಾಯಿ ಜೋರು ಅನ್ನೋರು ಅನ್ಕೊಳ್ಳಲಿ, ಅವನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ನಾನು, ನಾನಲ್ಲದೆ ಇನ್ಯಾರು ಹೇಳ್ಬೇಕು?

ದೇವಸಮುದ್ರದಿಂದ ಈಚೆಗೆ ನಮ್ಮ ಹಟ್ಟಿ. ದೇವರ ಹೆಸರಿಗೆ ಬಿಟ್ಟ ದನ ನಮ್ಮಲ್ಲಿ ಅವೆ. ಅವನ್ನ ಹೂಡಂಗಿಲ್ಲ, ಮಾರಂಗಿಲ್ಲ, ಒಂದು ಏಟು ಹಾಕಂಗಿಲ್ಲ. ಆ ದನ ಕಾಯೋನಿಗೆ ಕಿಲಾರಿ ಅಂತಾರೆ. ನಮ್ಮಪ್ಪ ಕಿಲಾರಿ ಆಗಿದ್ದ, ಅವನ ಕೋಲು ಬೊಮ್ಮಣ್ಣನ ಕೈಗೆ ಬಂತು. ಹೊತ್ತು ಮೂಡೋ ಮುಂಚೆ ರೊಪ್ಪದ ಬಾಗಿಲು ತೆಗೆದು ದನ ಬಿಟ್ಕೊಂಡು ಹೊಂಟ್ರೆ ಗುಡ್ಡ, ಹಳ್ಳ, ಬೀಳು ಎಲ್ಲ ಬರಿಗಾಲಲ್ಲಿ ಸುತ್ತಿ ಹೊತ್ತು ಮುಳುಗೋವಾಗ ಬರೋನು. ಐವತ್ತು ದಾಟಿದ್ರೂ ಅವನಿಗೆ ಹೊಟ್ಟೆ ಅನ್ನೋದೇ ಇರಲಿಲ್ಲ. ಹೆಂಡ್ತಿ ತೀರಿಕೊಂಡ ಮೇಲೆ ನನ್ನ ಮನೇಲೇ ಇದ್ದ, ಆದ್ರೆ ಮನೇಲಿ ಇದ್ದದ್ದು ಕಮ್ಮಿ, ದನದ ಹತ್ರ ಇದ್ದದ್ದೇ ಜಾಸ್ತಿ.

ಕಿಲಾರಿಗೆ ಸಂಬಳ ಇಲ್ಲ, ಪಾಲು ಐತೆ. ಯಾರ ಮನೇಲಿ ಹೋಳಿಗೆ ಆಗ್ಲಿ, ಪಾಯಸ ಆಗ್ಲಿ, ಹೆಣ್ಣು ನೋಡೋ ಶಾಸ್ತ್ರದ ಉಪ್ಪಿಟ್ಟೇ ಆಗ್ಲಿ, ಮೊದಲು ಕಿಲಾರಿ ಪಾಲು ತೆಗೆದಿಟ್ಟು ಆಮೇಲೆ ಅವರು ಉಣ್ಣಬೇಕು. ಅವನೂ ಅದನ್ನ ಬ್ಯಾಡ ಅನ್ನಂಗಿಲ್ಲ. ಕಿಲಾರಿ ತಟ್ಟೆ ವಾಪಸ್ ಕಳಿಸಿದ್ರೆ ದೇವರೇ ಒಲ್ಲೆ ಅಂದಂಗೆ ಅಂತ ಆ ಮನೆಯೋರು ನಡುಗ್ತಾರೆ. ದಿನಾ ನಡೆಯೋನಿಗೆ ಅದೆಲ್ಲ ಯಾವ ಲೆಕ್ಕ, ಸಾಯಂಕಾಲಕ್ಕೆ ಕರಗಿ ಹೋಗ್ತಿತ್ತು.

ಹೋದ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದು ಕೆರೆ ಏರಿ ಕೆಸರಾಗಿತ್ತು. ಮುತ್ತಯ್ಯ ಅಂತ ಕರೆಯೋ ದೊಡ್ಡ ಎತ್ತು ಜಾರಿ ಇವನ ಮೇಲೆ ವಾಲಿತು. ಇವನು ಕೆಳಗೆ ಬಿದ್ದಾಗ ಬಲಗಾಲು ಮಡಚಿಕೊಂಡು ಮೊಣಕಾಲು ತಿರುಚಿತು. ಬೆಳಗಾಗೋದ್ರಾಗೆ ಊದಿ ಕುಂಬಳಕಾಯಿ ಆಗಿತ್ತು. ಚಳ್ಳಕೆರೆಗೆ ಕರ್ಕೊಂಡು ಹೋದೆ. ಮೂಳೆ ಡಾಕ್ಟ್ರು ಸ್ಕ್ಯಾನ್ ನೋಡಿ, ಒಳಗಿನ ನರ ಅರ್ಧ ಹರಿದೈತೆ, ಮಾತು ಕೇಳಿದ್ರೆ ಆಪರೇಷನ್ ಬ್ಯಾಡ ಅಂದ್ರು. ಆ ಮಾತು ಏನು ಅಂತ ಹೇಳಿಕೊಟ್ಟೋಳು ವ್ಯಾಯಾಮ ಮಾಡಿಸೋ ಸ್ವಪ್ನ ಅನ್ನೋ ಹುಡುಗಿ. ಟವೆಲ್ ಸುತ್ತಿ ಮೊಣಕಾಲಡಿ ಇಟ್ಟು ಒತ್ತೋದು, ಮಲಗಿ ಕಾಲು ಎತ್ತೋದು, ಕೋಲು ಹಿಡಿದು ಸಮನೆಲದಾಗೆ ನಡೆಯೋದು, ಎಲ್ಲಾ ತೋರಿಸಿದಳು. ಬರುವಾಗ ಬೊಮ್ಮಣ್ಣನ್ನ ಕೂರಿಸ್ಕೊಂಡು ಒಂದು ಮಾತು ಹೇಳಿದಳು.

“ನೋಡಿ ಅಣ್ಣ, ನೀವು ದಿನಾ ನಡೀತಿದ್ದೋರು, ಈಗ ಕೂತ್ಕೊತೀರಾ. ಊಟ ಹಳೇದೇ ಇದ್ರೆ ತೂಕ ಏರುತ್ತೆ. ಮೈಮೇಲೆ ಒಂದು ಕೆಜಿ ಏರಿದ್ರೆ ಮೊಣಕಾಲಿಗೆ ನಾಲ್ಕು ಕೆಜಿ ಭಾರ. ತುಪ್ಪ, ಸಿಹಿ ಬಿಡಿ, ಹೊಟ್ಟೆ ತುಂಬ ತರಕಾರಿ ತಿನ್ನಿ.”

ಬೊಮ್ಮಣ್ಣ ಹೂಂ ಅಂದ. ಮನಸ್ಸಿಟ್ಟೇ ಅಂದ, ಯಾಕಂದ್ರೆ ಹಟ್ಟಿ ಯಜಮಾನ ಬೊಮ್ಮಲಿಂಗಪ್ಪ ಆಗಲೇ ಗಡುವು ಹಾಕಿದ್ದ. ದೀಪಾವಳಿ ದಿನ ಕಿಲಾರಿ ದನದ ಮುಂದೆ ನಡೆದು ಗುಡ್ಡದ ಮೇಲಿನ ದೇವರ ಕಟ್ಟೆ ಮುಟ್ಟಿ ಬರೋದು ನಮ್ಮಲ್ಲಿ ಪದ್ಧತಿ. ಅಲ್ಲೀವರೆಗೂ ನಮ್ಮ ಚಿಕ್ಕಪ್ಪನ ಮಗ ಚಂದ್ರಣ್ಣ ದನ ನೋಡ್ಕೊಳ್ಳಲಿ, ಆವತ್ತು ಬೊಮ್ಮಣ್ಣ ಗುಡ್ಡ ಹತ್ತಿದ್ರೆ ಕೋಲು ಅವನದೇ, ಇಲ್ಲಾಂದ್ರೆ ಚಂದ್ರಣ್ಣನದು ಅಂತ ತೀರ್ಮಾನ ಆಗಿತ್ತು. ಕೋಲು ಒಂದು ಕೈ ದಾಟಿದ್ರೆ ಮತ್ತೆ ಹಿಂದಕ್ಕೆ ಬರಂಗಿಲ್ಲ.

ಶುರುವಲ್ಲಿ ಚೆನ್ನಾಗೇ ಇತ್ತು. ಟವೆಲ್ ಒತ್ತೋನು, ಕಾಲು ಎತ್ತೋನು, ಮುದ್ದೆ ಅರ್ಧ ಮುರಿದು ನನಗೆ ವಾಪಸ್ ಕೊಡೋನು. ಆಮೇಲೆ ತಟ್ಟೆಗಳು ಬರೋಕೆ ಶುರುವಾದವು. ಮುಂಚೆ ಹಬ್ಬ ಹುಣ್ಣಿಮೆಗೆ ಬರ್ತಿದ್ದದ್ದು ಈಗ ದಿನಾ. ಪಾಪ, ಕಿಲಾರಿ ಮಲಗವ್ನೆ, ಮೈಯಾಗೆ ಶಕ್ತಿ ಬಂದ್ರೆ ಕಾಲು ತಾನಾಗೇ ಕೂಡ್ತೈತೆ ಅಂತ ಒಬ್ಬಳು ತುಪ್ಪದ ಗಿಂಡಿ, ಒಬ್ಬಳು ಶೇಂಗಾ ಉಂಡೆ, ಇನ್ನೊಬ್ಬಳು ಕಾಯಿ ಹೋಳಿಗೆ. ಬಸವಲಿಂಗಮ್ಮ ಅನ್ನೋಳು ಒಬ್ಬಳಿದ್ದಾಳೆ, ಅವನು ಕೊನೇ ತುತ್ತು ನುಂಗೋವರೆಗೂ ಎದುರಿಗೆ ಕೂತಿರೋಳು. ನಾನು ಬಾಗಿಲಲ್ಲಿ ನಿಂತು ಜಗಳ ಮಾಡಿದೆ. ಡಾಕ್ಟ್ರು ಹೇಳವ್ರೆ, ತರಬ್ಯಾಡ್ರಿ ಅಂದೆ. ದೇವರ ಪಾಲಿಗೆ ಅಡ್ಡ ಬರ್ತೀಯಾ ಅಂತ ನನ್ನನ್ನೇ ಉಗಿದ್ರು. ಕೊನೆಗೆ ತಟ್ಟೆ ಖಾಲಿ ಆಗ್ಬೇಕು ತಾನೇ ಅಂತ ಅರ್ಧಕ್ಕರ್ಧ ನಾನೇ ತಿಂದೆ. ನನ್ನ ರವಿಕೆ ಬಿಗಿ ಆಯ್ತೇ ಹೊರತು ಅವನ ಹೊಟ್ಟೆ ಕರಗಲಿಲ್ಲ.

ಒಂದಿನ ಸಿಟ್ಟು ತಡೀಲಾರದೆ, ನಿನಗೆ ಬಾಯಿ ಇಲ್ವೇನೋ, ಬ್ಯಾಡ ಅನ್ನೋಕೆ ನಾಲಗೆ ಬಿದ್ದು ಹೋಗೈತಾ ಅಂತ ಬೈದೆ. ಬೊಮ್ಮಣ್ಣ ಕೈಯಲ್ಲಿ ಹಾಲಿನ ಚೊಂಬು ಹಿಡ್ಕೊಂಡಿದ್ದ. ಚಂದ್ರಣ್ಣ ರೊಪ್ಪದಿಂದ ಕಳಿಸಿದ್ದು.

“ಇದು ನಮ್ಮ ದನದ ಹಾಲು ಅಕ್ಕ. ಅವು ನನ್ನ ಹತ್ರ ಬರಂಗಿಲ್ಲ, ನಾನು ಅವುಗಳ ಹತ್ರ ಹೋಗಂಗಿಲ್ಲ. ಇದೊಂದು ಬರ್ತೈತೆ. ಇದನ್ನೂ ಬ್ಯಾಡ ಅನ್ಲಾ?”

ಚೊಂಬು ಅವನ ಕೈಲೇ ಬಿಟ್ಟು ನಾನು ಒಳಗೆ ಹೋದೆ.

ಹೊಟ್ಟೆ ಬಂತು, ಉಸಿರು ಕಟ್ಟೋಕೆ ಶುರುವಾಯ್ತು. ಕಾಲು ನೋಯ್ತದೆ ಅಂತ ನಡೆಯೋದು ಬಿಟ್ಟ, ನಡೀಲಿಲ್ಲ ಅಂತ ಕಾಲು ಇನ್ನೂ ನೋಯ್ತು. ಚಳ್ಳಕೆರೆ ತೂಕದ ಮಿಷನ್ ಮೇಲೆ ನಿಲ್ಲಿಸಿದಾಗ ಸ್ವಪ್ನ ಬೈಯಲಿಲ್ಲ, ತೂಕ ಬರ್ಕೊಂಡು ನನ್ನ ಮುಖ ನೋಡಿದಳು. ಬೈದಿದ್ರೇ ಚೆನ್ನಾಗಿತ್ತು.

ದೀಪಾವಳಿ ಬಂತು. ಬೊಮ್ಮಣ್ಣ ಸ್ನಾನ ಮಾಡಿ, ಪಂಚೆ ಉಟ್ಟು, ಅಪ್ಪನ ಕೋಲು ಹಿಡಿದು ರೊಪ್ಪದ ಮುಂದೆ ನಿಂತ. ಬಾಗಿಲು ತೆಗೆದ ತಕ್ಷಣ ದನ ಅವನನ್ನ ಸುತ್ತಿಕೊಂಡವು, ಮುತ್ತಯ್ಯ ಅವನ ಹೆಗಲು ನೆಕ್ತು. ಕಣ್ಣೊರೆಸಿಕೊಂಡು ಮುಂದೆ ನಡೆದ. ಹಳ್ಳದವರೆಗೂ ಹೋದ. ಗುಡ್ಡದ ಬುಡದಾಗೆ ಮೊದಲ ಬಂಡೆ ಹತ್ತೋಕೆ ಬಲಗಾಲು ಊರಿದ, ಕಾಲು ಕೈಕೊಡ್ತು, ಹಂಗೇ ಕುಸಿದು ಕೂತ. ಮತ್ತೆ ಎದ್ದ, ಮತ್ತೆ ಕೂತ. ದನವೂ ನಿಂತವು. ಹಟ್ಟಿ ಜನ ಎಲ್ಲ ನೋಡ್ತಿದ್ರು, ತುಪ್ಪ ತಂದೋರೂ, ಉಂಡೆ ತಂದೋರೂ. ಆಗ ಬೊಮ್ಮಣ್ಣ ತಾನೇ ಚಂದ್ರಣ್ಣನ್ನ ಕರೆದು ಕೋಲು ಕೊಟ್ಟ. ಬೊಮ್ಮಲಿಂಗಪ್ಪ ಕೇಳೋ ಪ್ರಸಂಗ ಬರಲಿಲ್ಲ.

ಆವತ್ತು ಸಾಯಂಕಾಲದಿಂದ ನಮ್ಮ ಮನೆಗೆ ತಟ್ಟೆ ಬರೋದು ನಿಂತು ಹೋಯ್ತು. ಯಾರೂ ಕೆಟ್ಟೋರಲ್ಲ. ಪಾಲು ಕಿಲಾರಿದು, ಕಿಲಾರಿ ಈಗ ಚಂದ್ರಣ್ಣ, ಅಷ್ಟೇ. ಬೊಮ್ಮಣ್ಣ ಕೆಲವು ದಿನ ಬಾಗಿಲ ಕಡೆ ನೋಡ್ತಾ ಕೂತಿರೋನು. ಆಮೇಲೆ ಒಂದಿನ ತಾನೇ ಟವೆಲ್ ಸುತ್ತಿ ಮೊಣಕಾಲಡಿ ಇಟ್ಕೊಂಡ. ಅರ್ಧ ಮುದ್ದೆ, ಸೊಪ್ಪಿನ ಸಾರು, ಹಟ್ಟಿ ಸುತ್ತ ನಡಿಗೆ. ಯಾರ ಹಂಗೂ ಇಲ್ಲ, ಯಾರ ಕಾಟವೂ ಇಲ್ಲ. ಬ್ಯಾಸಿಗೆ ಹೊತ್ತಿಗೆ ಹೊಟ್ಟೆ ಇಳಿದು ಹಳೇ ಬೊಮ್ಮಣ್ಣ ಆದ. ಮೊನ್ನೆ ಚಳ್ಳಕೆರೆಗೆ ಹೋದಾಗ ಸ್ವಪ್ನ ಕಾಲು ಮಡಚಿಸಿ, ಕೂರಿಸಿ, ಎಬ್ಬಿಸಿ ನೋಡಿ, ಇನ್ನು ನೀವು ಗುಡ್ಡ ಹತ್ತಬಹುದು ಅಣ್ಣ ಅಂದಳು. ಖುಷಿಯಿಂದ ಅಂದಳು, ಕೋಲು ಕೈ ದಾಟಿದ್ದು ಅವಳಿಗೇನು ಗೊತ್ತು. ಇವನು ಕೈ ಮುಗಿದು ಹೊರಗೆ ಬಂದ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಆ ಗಾದೆ ಯಾರು ಕಟ್ಟಿದ್ರೋ, ಅವರಿಗೆ ನಮ್ಮಂಥ ನೋವು ಆಗಿರ್ಬೇಕು.

ಬಸ್ಸು ಬಿ.ಜಿ. ಕೆರೆ ದಾಟಿದ ಮೇಲೆ ನಿಂತಿತು. ರೋಡಿನ ತುಂಬ ದನ, ನಮ್ಮವೇ. ಮೇವು ಹುಡುಕಿಕೊಂಡು ಈ ಕಡೆ ಬಂದಿದ್ದವು. ಡ್ರೈವರ್ ಹಾರನ್ ಹೊಡೆಯದೆ ಕಾಯ್ತಿದ್ದ. ಬೊಮ್ಮಣ್ಣ ಕೋಲಿಲ್ಲದೆ ಸರಸರ ಇಳಿದ, ನಾನೂ ಇಳಿದೆ. ಹಿಂದುಗಡೆ ಚಂದ್ರಣ್ಣ ಬಂದ, ಬೆವರಿಳಿಸ್ತಾ. ಅವನಿಗೂ ಸೊಂಟದ ಸುತ್ತ ಸ್ವಲ್ಪ ಬಂದೈತೆ, ನಾನು ನೋಡಿದೆ. ಕಿಲಾರಿ ಎದುರಾದ್ರೆ ಬರಿಗೈಲಿ ಬಿಡಂಗಿಲ್ಲ ಅಂತ ಚಳ್ಳಕೆರೇಲಿ ತಗೊಂಡಿದ್ದ ಬಾಳೆಹಣ್ಣು, ಬೇಕರಿ ಸಿಹಿ ಚೀಲದಿಂದ ತೆಗೆದೆ. ಬೊಮ್ಮಣ್ಣ ನನ್ನ ಕೈ ಹಿಡ್ಕೊಂಡ.

“ಕೊಡಬ್ಯಾಡ ಬಿಡು ಅಕ್ಕ. ಅವನಾದ್ರೂ ನಡೀಲಿ.”

ದನ ದಾಟಿ ಹೋಗೋವರೆಗೂ ಕೈ ಬಿಡಲಿಲ್ಲ. ಆಮೇಲೆ ನಾವು ಬಸ್ಸು ಹತ್ತಿ ಮನೆಗೆ ಬಂದ್ವಿ.