ಎದೆಯ ಗಂಟಿಗೆ ಹಾಕಿದ ಬರೆ

ನಾನು ಮೊದಲಿನಿಂದಲೂ ಬಾಯಿಗಿಂತ ಮುಂಚೆ ಕೈ ಓಡುವ ಹೆಂಗಸು. ನಲ್ಲಿಯ ಹತ್ತಿರ ನನ್ನ ಕೊಡ ಹಿಂದೆ ತಳ್ಳಿದವಳ ತುರುಬು ಹಿಡಿದು ಎಳೆದಿದ್ದೇನೆ. ಗಂಡ ಒಂದು ಕೊಟ್ಟರೆ ಎರಡು ವಾಪಸು ಕೊಟ್ಟಿದ್ದೇನೆ. ಹರಪನಹಳ್ಳಿ ಕಡೆ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಹೊಸಹಳ್ಳಿ ಹತ್ತಿರದ ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದವಳು. ಅಂಥ ನಾನು, ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಬಚ್ಚಲಲ್ಲಿ ಸೋಪು ಹಚ್ಚಿಕೊಳ್ಳುವಾಗ ಎಡಗಡೆ ಎದೆಯಲ್ಲಿ ಬೋರೆಹಣ್ಣಿನ ಗಾತ್ರದ ಗಂಟು ಕೈಗೆ ಸಿಕ್ಕಿ, ನೀರು ಹಾಕಿಕೊಳ್ಳುವುದನ್ನೂ ಮರೆತು ಕೂತುಬಿಟ್ಟೆ.

ನೀಲಗುಂದದಲ್ಲಿದ್ದ ನನ್ನ ಚಿಕ್ಕಮ್ಮನಿಗೂ ಹೀಗೇ ಆಗಿತ್ತು. ದೊಡ್ಡಾಸ್ಪತ್ರೆಗೆ ಒಯ್ದು ಕೊಯ್ಯಿಸಿದರು. ಮುಂದಿನ ಹಬ್ಬ ಅವಳು ನೋಡಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹೆಂಗಸರೆಲ್ಲ ಒಂದೇ ಮಾತಾಡಿದರು: ‘ಕತ್ತರಿ ಮುಟ್ಟಿಸಬಾರದಿತ್ತು. ಮುಟ್ಟಿಸಿದ್ರ ಅದು ಸಿಟ್ಟಿಗೇಳತೈತಿ, ಮೈತುಂಬ ಹಬ್ಬತೈತಿ.’ ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರೆಂದರೆ ಕತ್ತರಿ, ಕತ್ತರಿಯೆಂದರೆ ಚಟ್ಟ. ಅದರ ಮೇಲೆ ಯಾವನೋ ಗಂಡಸು ಡಾಕ್ಟರ ಮುಂದೆ ಕುಪ್ಪಸ ಬಿಚ್ಚುವುದು ಬೇರೆ. ಅದಕ್ಕಿಂತ ಸಾಯುವುದೇ ವಾಸಿ ಎಂದುಕೊಂಡೆ, ಸಾವಿಗೆ ಹೆದರಿ ನಡುಗುತ್ತಲೇ.

ಯಾರಿಗೂ ಹೇಳಲಿಲ್ಲ. ಸಿಟ್ಟು ಮಾತ್ರ ಎರಡರಷ್ಟಾಯಿತು. ರೊಟ್ಟಿ ಬಡಿಯುವ ಶಬ್ದ ಕೇಳಿ ಪಕ್ಕದ ಮನೆಯವರು ನಾನು ಯಾರನ್ನೋ ಹೊಡೆಯುತ್ತಿದ್ದೇನೆಂದು ತಿಳಿದರು. ಮಳೆಗಾಲ ಕಳೆಯುವ ಹೊತ್ತಿಗೆ ಗಂಟು ದಪ್ಪಗಾಗಿತ್ತು. ಒಂದು ಬೆಳಗ್ಗೆ ಹಟ್ಟಿಯಲ್ಲಿ ಮೇವು ಹಾಕುವಾಗ ಟಗರೊಂದು ಓಡಿಬಂದು ನೇರ ಅಲ್ಲಿಗೇ ಗುದ್ದಿತು. ಕಣ್ಣು ಕತ್ತಲೆ ಬಂದು ಬಿದ್ದೆ. ಎಚ್ಚರಾದಾಗ ಅತ್ತೆ ನನ್ನ ಕುಪ್ಪಸ ಬಿಚ್ಚಿ, ಗಂಟಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

‘ಯಾವಾಗಿಂದ ಐತಿ?’

‘ಬ್ಯಾಸಗಿಯಿಂದ.’

‘ದವಾಖಾನಿಗೆ ಹೋಗ್ತೀಯೇನು?’

‘ಸತ್ರೂ ಹೋಗಂಗಿಲ್ಲ.’

‘ಹೋಗಬ್ಯಾಡ. ಬರಿ ಹಾಕಿದ್ರ ಕರಗತೈತಿ. ಕುರಿ ಕೆಚ್ಚಲಾಗಿನ ಗಂಟು ಕರಗಂಗಿಲ್ಲೇನು?’

ನಮ್ಮ ಮನೆಯಲ್ಲಿ ಕುರಿಗೆ ಕೆಚ್ಚಲು ಬಾತರೆ ಕುಡುಗೋಲು ಕಾಸಿ, ಆ ಕುಡುಗೋಲಿನ ಬೆನ್ನಿನಿಂದ ಕೆಚ್ಚಲಿಗೆ ಬರೆ ಹಾಕುತ್ತಿದ್ದರು. ನನ್ನ ಗಂಡ ಅದರಲ್ಲಿ ಹೆಸರಾದವನು. ಕೊಟ್ಟೂರು ಕಡೆಯಿಂದಲೂ ಕುರಿ ಹೊಡೆದುಕೊಂಡು ಬರುತ್ತಿದ್ದರು. ಕೆಲವು ಕುರಿ ಉಳಿಯುತ್ತಿದ್ದವು. ಉಳಿಯದ ಕುರಿಗಳ ಸುದ್ದಿ ಯಾರೂ ತೆಗೆಯುತ್ತಿರಲಿಲ್ಲ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ, ಎಸ್ಸೆಸ್ಸೆಲ್ಸಿ ಪಾಸಾದ ನಾನೇ ಹೂಂ ಅಂದೆ. ಬೆಂಕಿ ನನಗೆ ದಿನಾ ಪರಿಚಯದ್ದು, ಡಾಕ್ಟರು ಅಲ್ಲ.

ಕುಳ್ಳಿನ ಬೆಂಕಿಯಲ್ಲಿ ಕುಡುಗೋಲು ಕೆಂಪಗಾಯಿತು. ಅತ್ತೆ ನನ್ನ ತೋಳುಗಳ ಮೇಲೆ ಕೂತು, ಬಾಯಿಗೆ ಬಟ್ಟೆ ತುರುಕಿದಳು. ಗಂಡ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಬರೆ ಇಟ್ಟ. ಚರ್ಮ ಚುರ್ ಎಂದಿತು. ಮೈ ಬಿಲ್ಲಿನಂತೆ ಎದ್ದು ಅತ್ತೆ ಪಕ್ಕಕ್ಕೆ ಉರುಳಿದಳು. ಸುಟ್ಟ ಮಾಂಸದ ವಾಸನೆ ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬಟ್ಟೆ ಉಗಿದು ಇಬ್ಬರಿಗೂ ಅವರ ಏಳು ತಲೆಮಾರು ಸೇರಿಸಿ ಬೈದೆ. ಗಂಡ ಮೂಲೆಯಲ್ಲಿ ಕೂತು ಅಳುತ್ತಿದ್ದ.

ಗಾಯ ಕೀವು ಹಿಡಿಯಿತು. ಜ್ವರ ಬಿಡಲಿಲ್ಲ. ಗಂಟು ಅದರಡಿಯಲ್ಲಿ ಹಾಗೇ ಇತ್ತು. ಒಂದು ಸಂಜೆ ಗಂಡ ಮತ್ತೆ ಕುಡುಗೋಲು ಕಾಸಿ ತಂದ.

‘ಒಂದು ಬರಿಗೆ ಕುರಿದss ಹೋಗಂಗಿಲ್ಲ. ಇನ್ನೊಂದು ಹಾಕೋಣು, ಗಟ್ಟಿ ಮನಸು ಮಾಡು.’

ಕೈಗೆ ಸಿಕ್ಕಿದ್ದು ಹಿತ್ತಾಳೆ ತಂಬಿಗೆ. ಪೂರ್ತಿ ಬೀಸಿ ಅವನ ತಲೆಗೆ ಹೊಡೆದೆ. ಕುಡುಗೋಲು ಅವನ ಕೈಜಾರಿ ಚಾಪೆ ಸುಟ್ಟಿತು. ನೆತ್ತಿ ಬಿರಿದು ರಕ್ತ ಕಣ್ಣೊಳಗೆ ಇಳಿಯಿತು. ಇನ್ನೊಂದು ಕೊಡುವಷ್ಟು ಸಿಟ್ಟಿತ್ತು, ಆದರೆ ಅವನು ಕುಸಿದಿದ್ದ. ಸತ್ತೇ ಹೋದನೆಂದುಕೊಂಡೆ. ತಲೆಗೆ ಟವೆಲು ಬಿಗಿದು, ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಸ್ ಜೀಪು ನಿಲ್ಲಿಸಿ, ಕೂಡ್ಲಿಗಿಯ ಒಂದು ದವಾಖಾನೆಗೆ ಹಾಕಿಕೊಂಡು ಹೋದೆ. ಡಾಕ್ಟರ ಹತ್ತಿರ ಹೋಗುತ್ತಿದ್ದೇನೆಂಬುದು ನನ್ನ ತಲೆಗೇ ಬರಲಿಲ್ಲ.

ಅಲ್ಲಿದ್ದುದು ಹೆಣ್ಣು ಡಾಕ್ಟರು. ಹೊಲಿಗೆ ಹಾಕುತ್ತ ಕೇಳಿದರು, ‘ಯಾರು ಹೊಡೆದಿದ್ದು?’

‘ನಾನss,’ ಅಂದೆ.

‘ಯಾಕೆ?’

ನನಗಿಂತ ಮೊದಲು ಗಂಡ ಬಾಯಿಬಿಟ್ಟ. ‘ಆಕಿ ಎದಿಯಾಗ ಗಂಟೈತ್ರಿ. ಒಂದು ಬರಿ ಹಾಕೀನಿ, ಇನ್ನೊಂದು ಹಾಕಾಕ ಹೋಗಿದ್ದೆ.’

ಡಾಕ್ಟರು ಸೂಜಿಯನ್ನು ತಟ್ಟೆಗೆ ಬಿಸಾಕಿದರು. ‘ಇವಳೇನು ಕುರಿಯೇನಯ್ಯಾ?’

‘ಕುರಿಗೆ ವಾಸಿ ಆಗತೈತ್ರಿ,’ ಎಂದ ಆ ಪುಣ್ಯಾತ್ಮ.

ನಾನು ಬಾಗಿಲ ಕಡೆ ಓಡಿದೆ. ಡಾಕ್ಟರು ಮುಂದೆ ಬಂದು ಅಡ್ಡ ನಿಂತರು. ನೂಕಿದೆ, ಅವರ ಬೆನ್ನು ಬಾಗಿಲಿಗೆ ಬಡಿಯಿತು. ಕೈ ಎತ್ತಿದೆ.

‘ಹೊಡೀತೀಯಾ? ಹೊಡಿ. ಆಮೇಲೆ ತೋರಿಸು.’

ಎತ್ತಿದ ಕೈ ಅಲ್ಲೇ ನಿಂತಿತು. ‘ನನಗ ಹೆದರಿಕಿ ಆಗೈತ್ರಿ,’ ಎಂದೆ. ಹುಟ್ಟಿದಾಗಿನಿಂದ ಆ ಮಾತು ಯಾರ ಮುಂದೆಯೂ ಆಡಿದವಳಲ್ಲ. ಆಡಿದ್ದೇ ತಡ, ನೆಲದ ಮೇಲೆ ಕೂತು ಹೋ ಎಂದು ಅತ್ತುಬಿಟ್ಟೆ. ಚಿಕ್ಕಮ್ಮನ ಕಥೆ ಹೇಳಿದೆ, ಕತ್ತರಿ ಮುಟ್ಟಿಸಿದ್ದಕ್ಕೇ ಸತ್ತಳೆಂದೆ.

‘ಅವಳು ಆಸ್ಪತ್ರೆಗೆ ಹೋದಾಗ ಗಂಟು ಹೇಗಿತ್ತು?’

‘ಹುಣ್ಣಾಗಿ ಒಡದಿತ್ರಿ. ವರ್ಷಗಟ್ಟಲೆ ಸೆರಗಿನಾಗ ಮುಚ್ಚಿಟ್ಟುಕೊಂಡಿದ್ಲು.’

ನನ್ನ ಬಾಯಿಂದಲೇ ಬಂದ ಮಾತು ನನ್ನ ಕಿವಿಗೆ ಬಿತ್ತು. ಇಷ್ಟು ವರ್ಷ ಗೊತ್ತಿದ್ದ ಸಂಗತಿ, ಒಂದು ಸಲವೂ ಆ ಕಡೆಯಿಂದ ನೋಡಿರಲಿಲ್ಲ. ಎದ್ದು ಪರದೆಯ ಹಿಂದೆ ಹೋಗಿ ಕುಪ್ಪಸದ ಹುಕ್ಕು ಬಿಚ್ಚಿದೆ.

ಅವರೇ ಬಳ್ಳಾರಿಗೆ ಕಳಿಸಿದರು. ಅಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ, ಕೆಟ್ಟ ಗಂಟಲ್ಲ ಎಂದರು. ಚಿಕ್ಕದಾಗಿ ಕೊಯ್ದು ತೆಗೆದರು. ನಿನ್ನನ್ನು ಕೊಲ್ಲುತ್ತಿದ್ದುದು ಗಂಟಲ್ಲ, ಆ ಬರೆಯ ಕೀವು ಎಂದು ಬೈದು ಕಳಿಸಿದರು. ಬಸ್ಸಿಳಿದು ಮನೆ ಮುಟ್ಟುವ ತನಕ ಅತ್ತೆಗೆ ಬೈಯುವ ಬೈಗುಳಗಳನ್ನು ಜೋಡಿಸುತ್ತಲೇ ನಡೆದೆ.

ಅವಳು ಪಡಸಾಲೆಯಲ್ಲಿ ಉಣ್ಣೆ ಹಿಂಜುತ್ತಿದ್ದಳು. ‘ಕ್ಯಾನ್ಸರ್ ಅಲ್ಲಂತ. ನಿನ್ನ ಬರಿನss ನನ್ನ ಕೊಲ್ಲತಿತ್ತಂತ. ಕೇಳಿಸ್ತೇನು ಮುದುಕಿ?’

ಅವಳು ಎದ್ದು, ನನ್ನನ್ನು ಒಳಗೆ ಕರೆದು, ಚಿಲಕ ಹಾಕಿದಳು. ಗೋಡೆಗೆ ಮುಖ ಮಾಡಿ ಕುಪ್ಪಸ ಬಿಚ್ಚಿ ತಿರುಗಿದಳು. ಬಲಗಡೆ ಎದೆಯ ತುಂಬ ಬರೆ, ಬರೆಯ ಮೇಲೆ ಬರೆ. ಚರ್ಮ ಒಣಗಿದ ತೊಗಲಿನಂತೆ ಒಳಕ್ಕೆ ಸೆಳೆದುಕೊಂಡಿತ್ತು. ಮುಟ್ಟಿದೆ. ಅಡಿಯಲ್ಲಿ ಕಲ್ಲಿತ್ತು. ಒಂದು ಕಡೆ ನೀರು ಜಿನುಗುತ್ತಿತ್ತು.

‘ನಿಂದು ಹೋತು. ನಂದು ಹೋಗವಲ್ದು,’ ಎಂದಳು.

‘ಯಾರು ಹಾಕಿದ್ರು ಇವನ್ನ?’

‘ಮಗನ ಮುಂದ ಹೆಂಗ ಬಿಚ್ಚಲಿ? ನಾನss ಹಾಕ್ಕೊಂಡೀನಿ.’

ಜೋಡಿಸಿಕೊಂಡು ಬಂದಿದ್ದ ಉಳಿದ ಬೈಗುಳಗಳನ್ನು ಅಲ್ಲೇ ಬಿಟ್ಟೆ. ‘ನಡಿ ಕೂಡ್ಲಿಗಿಗೆ,’ ಎಂದೆ. ಒಲ್ಲೆ ಎಂದಳು. ರಟ್ಟೆ ಹಿಡಿದು ಎಳೆದೆ. ಬಾಗಿಲ ಚೌಕಟ್ಟು ಅಪ್ಪಿಕೊಂಡಳು, ಬೆರಳೊಂದೊಂದೇ ಬಿಡಿಸಿದೆ. ಮುಂಗೈ ಕಚ್ಚಿ ರಕ್ತ ತೆಗೆದಳು, ಹೊಟ್ಟೆಗೆ ಒದ್ದಳು, ರಂಡೆ ಎಂದಳು. ಸೊಸೆ ಅತ್ತೆಯನ್ನು ಕೊಲ್ಲುತ್ತಿದ್ದಾಳೆಂದು ಓಣಿಯವರೆಲ್ಲ ಹೊರಗೆ ಬಂದರು. ಬಿಡಿಸಲು ಬಂದ ಒಬ್ಬನನ್ನು ಚರಂಡಿಗೆ ನೂಕಿದೆ. ನನ್ನ ಹೊಲಿಗೆ ಬಿಚ್ಚಿಹೋಗುತ್ತದೇನೋ ಅನಿಸಿತು, ಹೋದರೆ ಹೋಗಲಿ. ಬಸ್ಸಿನ ಮೆಟ್ಟಿಲ ಹತ್ತಿರ ಅವಳ ಬಲ ಮುಗಿಯಿತು, ಎತ್ತಿ ಸೀಟಿನ ಮೇಲೆ ಕೂರಿಸಿದೆ.

ಅದೇ ಡಾಕ್ಟರು ಅವಳನ್ನು ಪರದೆಯ ಹಿಂದೆ ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ, ‘ಇನ್ನೂ ಮೊದಲೇ ಕರಕೊಂಡು ಬರಬೇಕಿತ್ತಮ್ಮ,’ ಎಂದರು.

ಅವಳನ್ನು ಕರಕೊಂಡು ಬರುವುದಿರಲಿ, ಮೊದಲು ನಾನೇ ಬಂದಿರಲಿಲ್ಲ.